ದಿನದ ಊಟವನ್ನು ಸರಿದಾರಿಗೆ ತರುವುದು ಹೇಗೆ? ನೋಟ್‌ಬುಕ್ಕಿನಿಂದ ತಟ್ಟೆಯವರೆಗೆ ಒಂದು ಸಮಗ್ರ ಮಾರ್ಗದರ್ಶಿ

ದಿನಕ್ಕೆ ಮೂರು ಕಪ್ ಟೀ ಕುಡಿಯುತ್ತೀರಿ ಅಂದುಕೊಳ್ಳಿ. ಕಪ್ಪಿಗೆ ಎರಡು ಚಮಚ ಸಕ್ಕರೆ. ಒಂದು ಟೀ ಚಮಚಕ್ಕೆ ಸುಮಾರು 4 ಗ್ರಾಂ ಸಕ್ಕರೆ ಹಿಡಿಯುತ್ತದೆ. ಅಲ್ಲಿಗೆ ದಿನಕ್ಕೆ 24 ಗ್ರಾಂ, ವರ್ಷಕ್ಕೆ ಹತ್ತಿರಹತ್ತಿರ 9 ಕೆಜಿ. ಇದು ಟೀ ಒಂದರ ಲೆಕ್ಕ. ಆದರೆ ತೂಕ ಏರಿದಾಗ ನಾವು ಬೈಯುವುದು ಯಾರದೋ ಹುಟ್ಟುಹಬ್ಬದಲ್ಲಿ ತಿಂದ ಒಂದು ತುಂಡು ಕೇಕನ್ನು.

ಊಟದ ವಿಷಯದಲ್ಲಿ ನಾನು ಪಾಲಿಸುವ ನಿಯಮ ಒಂದೇ: ಅಪರೂಪಕ್ಕೆ ತಿನ್ನುವುದನ್ನು ಅದರ ಪಾಡಿಗೆ ಬಿಟ್ಟು, ದಿನಾ ತಿನ್ನುವುದನ್ನು ಹಿಡಿಯುವುದು. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇವೆಲ್ಲ ಒಂದು ದಿನದ ಹಬ್ಬದೂಟದಿಂದ ಬರುವಂಥವಲ್ಲ. ವರ್ಷಗಟ್ಟಲೆ ಸದ್ದಿಲ್ಲದೆ ನಡೆದ ಸಣ್ಣ ಸಣ್ಣ ಹೆಚ್ಚುಕಮ್ಮಿಗಳ ಪಾತ್ರ ಅವುಗಳಲ್ಲಿ ದೊಡ್ಡದು. ಈ ಮಾರ್ಗದರ್ಶಿಯ ಎಲ್ಲ ಹೆಜ್ಜೆಗಳೂ ಅದೇ ದಾರಿಯಲ್ಲಿವೆ. ಎಲ್ಲವನ್ನೂ ಒಟ್ಟಿಗೆ ಶುರುಮಾಡಬೇಡಿ. ಎರಡು ವಾರಕ್ಕೆ ಒಂದು ಬದಲಾವಣೆ ಸಾಕು.

ಹೆಜ್ಜೆ 1: ಏಳು ದಿನ ಬರೆದಿಡಿ, ಏನನ್ನೂ ಬದಲಿಸಬೇಡಿ

ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಮೊಬೈಲ್ ಆದರೂ ಸರಿ. ವಾರಾಂತ್ಯವೂ ಸೇರಿದ ಹಾಗೆ ಏಳು ದಿನ, ಬಾಯಿಗೆ ಹೋದದ್ದನ್ನೆಲ್ಲ ಬರೆಯಿರಿ. ಹೊತ್ತು, ಏನು, ಅಂದಾಜು ಎಷ್ಟು, ಆಗ ನಿಜವಾಗಿ ಹಸಿವಿತ್ತಾ ಇಲ್ಲವಾ. ಗ್ರಾಂ ಲೆಕ್ಕ ಬೇಡ, 'ಒಂದು ಬಟ್ಟಲು', 'ಒಂದು ಹಿಡಿ' ಸಾಕು. ಅಡುಗೆ ಮಾಡುವಾಗ ರುಚಿ ನೋಡಿದ್ದು, ಮಕ್ಕಳು ಬಿಟ್ಟದ್ದನ್ನು ಖಾಲಿ ಮಾಡಿದ್ದು, ಆಫೀಸಿನಲ್ಲಿ ಯಾರೋ ಕೊಟ್ಟ ಚಾಕೊಲೇಟ್, ಇವೂ ಲೆಕ್ಕಕ್ಕೆ ಬರಬೇಕು. ಬರೆಯುತ್ತಿದ್ದೇನೆ ಅಂತ ಆ ವಾರ ಒಳ್ಳೆಯವರಾಗಲು ಹೋಗಬೇಡಿ. ಆಗ ನೋಟ್‌ಬುಕ್ ಸುಳ್ಳು ಹೇಳುತ್ತದೆ.

ವಾರ ಮುಗಿದ ಮೇಲೆ, ನಾಲ್ಕು ಸಲಕ್ಕಿಂತ ಜಾಸ್ತಿ ಬಂದಿರುವ ಪ್ರತಿಯೊಂದಕ್ಕೂ ಕೆಳಗೆ ಗೆರೆ ಎಳೆಯಿರಿ. ನಿಮ್ಮ ಆರೋಗ್ಯದ ಮೇಲೆ ಕೆಲಸ ಮಾಡುತ್ತಿರುವ ಪಟ್ಟಿ ಅದೇ.

ನನಗೆ ಸಿಹಿತಿಂಡಿಯೇ ನನ್ನ ಶತ್ರು ಅನ್ನಿಸಿತ್ತು. ಬರೆದು ನೋಡಿದರೆ ಏಳು ದಿನದಲ್ಲಿ ಸಿಹಿ ಬಂದದ್ದು ಒಂದೇ ಸಲ. ಬಿಸ್ಕತ್ತು ಮಾತ್ರ ಆರು ದಿನ. ಅದೂ ಸಂಜೆ ನಾಲ್ಕರ ಹೊತ್ತಿಗೆ, ನಿಂತುಕೊಂಡೇ, ಎಷ್ಟು ತಿಂದೆ ಅಂತ ನೋಡದೆ. ಬರದ ಒಂದು ದಿನ ಯಾವುದು ಅಂತ ಹಿಂದೆ ತಿರುಗಿಸಿದೆ. ಆ ಮಧ್ಯಾಹ್ನ ಎರಡು ಮೊಟ್ಟೆ, ಕಾಳು, ತರಕಾರಿ ತಿಂದಿದ್ದೆ. ಉಳಿದ ದಿನ ಮಧ್ಯಾಹ್ನದ ತಟ್ಟೆಯಲ್ಲಿ ಮುಕ್ಕಾಲು ಭಾಗ ಅನ್ನವೇ ಇತ್ತು. ಬಿಸ್ಕತ್ತಿನ ಕಾರಣ ಬಿಸ್ಕತ್ತಿನ ಡಬ್ಬದಲ್ಲಿ ಇರಲಿಲ್ಲ.

ಮುಂದಕ್ಕೆ ಹೋಗುವ ಮೊದಲು ಕೆಲವರಿಗೆ ಒಂದು ಮಾತು. ಇನ್ಸುಲಿನ್ ಅಥವಾ ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವವರು ಅನ್ನ, ರೊಟ್ಟಿಯನ್ನು ಒಮ್ಮೆಲೇ ಇಳಿಸಿದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರು ಸೊಪ್ಪನ್ನು ಇದ್ದಕ್ಕಿದ್ದಂತೆ ಹೆಚ್ಚಿಸಬಾರದು, ಸೊಪ್ಪಿನ ವಿಟಮಿನ್ ಕೆ ಆ ಮಾತ್ರೆಯ ಕೆಲಸಕ್ಕೆ ಅಡ್ಡ ಬರುತ್ತದೆ. ಕಿಡ್ನಿ ತೊಂದರೆ ಇರುವವರು, ಗರ್ಭಿಣಿಯರು ಕೂಡ ನೋಟ್‌ಬುಕ್ ಹಿಡಿದುಕೊಂಡು ಮೊದಲು ಡಾಕ್ಟರ ಹತ್ತಿರ ಹೋಗಿ.

ಹೆಜ್ಜೆ 2: ಕುಡಿಯುವುದರಿಂದ ಶುರುಮಾಡಿ

ಯಾಕೆಂದರೆ ಇದು ಎಲ್ಲಕ್ಕಿಂತ ಸುಲಭ, ಲಾಭವೂ ಜಾಸ್ತಿ. 330 ಮಿಲಿ ಕೋಲಾ ಕ್ಯಾನಿನಲ್ಲಿ ಸುಮಾರು 35 ಗ್ರಾಂ ಸಕ್ಕರೆ ಇರುತ್ತದೆ. ಅಂದರೆ ಒಂಬತ್ತು ಚಮಚ. ಅಷ್ಟನ್ನು ಚಮಚದಲ್ಲಿ ತಿನ್ನಿ ಅಂದರೆ ಯಾರೂ ತಿನ್ನಲ್ಲ, ಕುಡಿಯುವಾಗ ಗೊತ್ತೇ ಆಗುವುದಿಲ್ಲ. ಕುಡಿದ ಸಕ್ಕರೆ ಹೊಟ್ಟೆ ತುಂಬಿಸುವುದೂ ಇಲ್ಲ. ಕ್ಯಾನ್ ಖಾಲಿ ಮಾಡಿದ ಮೇಲೂ ಊಟ ಅಷ್ಟೇ ಮಾಡುತ್ತೇವೆ.

ಸಕ್ಕರೆಯಿಂದ ಬರುವ ಶಕ್ತಿ ದಿನದ ಒಟ್ಟು ಶಕ್ತಿಯ 10 ಶೇಕಡಾ ದಾಟಬಾರದು, 5 ಶೇಕಡಾ ಒಳಗಿದ್ದರೆ ಇನ್ನೂ ಒಳ್ಳೆಯದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ದಿನಕ್ಕೆ 2000 ಕ್ಯಾಲೊರಿ ತಿನ್ನುವವರಿಗೆ ಅದು 50 ಗ್ರಾಂ ಮತ್ತು 25 ಗ್ರಾಂ. ಈ ಲೆಕ್ಕದಲ್ಲಿ ಜೇನುತುಪ್ಪವೂ ಸೇರಿದೆ, ಹಣ್ಣಿನ ಜ್ಯೂಸೂ ಸೇರಿದೆ. ಇಡೀ ಹಣ್ಣು ಸೇರಿಲ್ಲ. ಒಂದು ಲೋಟ ಜ್ಯೂಸಿಗೆ ಮೂರು ನಾಲ್ಕು ಕಿತ್ತಳೆ ಬೇಕು. ಅಷ್ಟನ್ನು ಬಿಡಿಸಿ ತಿನ್ನಲು ಕೂತರೆ ಎರಡನೆಯದಕ್ಕೇ ಸಾಕು ಅನ್ನಿಸುತ್ತದೆ. ಜ್ಯೂಸು ಎರಡು ನಿಮಿಷದಲ್ಲಿ ಮುಗಿಯುತ್ತದೆ, ನಾರು ಸೋಸುವ ಜಾಲರಿಯಲ್ಲೇ ಉಳಿಯುತ್ತದೆ.

ಟೀ, ಕಾಫಿಯ ಸಕ್ಕರೆಯನ್ನು ಒಂದೇ ದಿನ ನಿಲ್ಲಿಸಿದವರು ಬಹಳ ಮಂದಿ ನಾಲ್ಕನೇ ದಿನಕ್ಕೆ ಹಳೇ ಡಬ್ಬಕ್ಕೆ ವಾಪಸ್ಸಾಗುತ್ತಾರೆ. ಎರಡು ವಾರಕ್ಕೊಮ್ಮೆ ಅರ್ಧ ಚಮಚ ಇಳಿಸಿ. ನಾಲಿಗೆ ಹೊಂದಿಕೊಳ್ಳುತ್ತದೆ. ಎರಡು ತಿಂಗಳಾದ ಮೇಲೆ ಹಳೆಯ ಅಳತೆಯ ಟೀ ಯಾರಾದರೂ ಕೊಟ್ಟರೆ ನಿಮಗೇ ಪಾಕ ಕುಡಿದ ಹಾಗೆ ಆಗುತ್ತದೆ.

ಹೆಜ್ಜೆ 3: ತಟ್ಟೆಯನ್ನು ಭಾಗ ಮಾಡಿ

ಕ್ಯಾಲೊರಿ ಎಣಿಸುವುದು ನನ್ನ ಕೈಲಿ ಆಗಲಿಲ್ಲ. ನಿಮ್ಮ ಕೈಲೂ ಆಗದಿದ್ದರೆ ಬೇಸರ ಬೇಡ. ತಟ್ಟೆಯ ಅರ್ಧ ಭಾಗ ತರಕಾರಿ, ಸೊಪ್ಪು, ಹಣ್ಣು. ಕಾಲು ಭಾಗ ಅಕ್ಕಿ, ಗೋಧಿ ಥರದ ಧಾನ್ಯ. ಉಳಿದ ಕಾಲು ಭಾಗ ಬೇಳೆಕಾಳು, ಮೊಟ್ಟೆ, ಮೀನು, ಮಾಂಸ, ಪನೀರ್ ಇಂಥ ಪ್ರೋಟೀನ್. ಹಾರ್ವರ್ಡ್ ವಿಶ್ವವಿದ್ಯಾಲಯದ ಪೋಷಣೆ ತಜ್ಞರು 2011ರಲ್ಲಿ ಚಿತ್ರ ಬರೆದು ತೋರಿಸಿದ್ದು ಹೆಚ್ಚುಕಮ್ಮಿ ಇದನ್ನೇ. ಆಲೂಗಡ್ಡೆ ತರಕಾರಿಯ ಪಾಲಿಗೆ ಬರುವುದಿಲ್ಲ, ಅದನ್ನು ಧಾನ್ಯದ ಪಕ್ಕ ಕೂರಿಸಿ.

ಎಲ್ಲ ಕೂಡಿಸಿ ಒಂದೇ ಪಾತ್ರೆಯಲ್ಲಿ ಬೇಯಿಸುವ ದಿನ ತಟ್ಟೆ ಹೇಗೆ ಭಾಗ ಮಾಡೋದು? ಪಾತ್ರೆಗೆ ಹಾಕುವಾಗಲೇ ಮಾಡಿ. ಒಣ ಅಕ್ಕಿ ಒಂದು ಕಪ್ ಹಾಕಿದರೆ ಹೆಚ್ಚಿದ ತರಕಾರಿ ಮೂರು ನಾಲ್ಕು ಕಪ್ ಇರಲಿ. ಬೆಂದಾಗ ಅಕ್ಕಿ ಉಬ್ಬುತ್ತದೆ, ತರಕಾರಿ ಕುಗ್ಗುತ್ತದೆ. ಈ ಒಂದು ಕಾರಣಕ್ಕೇ ತರಕಾರಿ ಹಾಕಿದ್ದೇನಲ್ಲ ಅನ್ನುವವರ ತಟ್ಟೆಯಲ್ಲಿ ತರಕಾರಿ ಹುಡುಕಬೇಕಾಗುತ್ತದೆ.

ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು, ತರಕಾರಿ ಬೇಕು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಒಮ್ಮೆ ಮಾತ್ರ ತೂಕ ಹಾಕಿ ನೋಡಿ, ಕಣ್ಣಿಗೆ ಅಂದಾಜು ಸಿಗುತ್ತದೆ. ಆಮೇಲೆ ತಕ್ಕಡಿ ಒಳಗಿಡಿ.

ಇನ್ನೊಂದು ಪುಕ್ಕಟೆ ಉಪಾಯ: ಬಡಿಸಿಕೊಳ್ಳುವಾಗ ತರಕಾರಿ ಮೊದಲು, ತಿನ್ನುವಾಗಲೂ ಅದೇ ಮೊದಲು. ತರಕಾರಿ, ಪ್ರೋಟೀನ್ ಮೊದಲು ತಿಂದು ಅನ್ನವನ್ನೋ ಬ್ರೆಡ್ಡನ್ನೋ ಕೊನೆಗೆ ತಿಂದರೆ, ಊಟದ ನಂತರ ರಕ್ತದ ಸಕ್ಕರೆ ಏರುವುದು ಕಡಿಮೆ ಎಂದು ಸಕ್ಕರೆ ಕಾಯಿಲೆ ಇರುವವರ ಮೇಲೆ ನಡೆದ ಸಣ್ಣ ಪ್ರಯೋಗಗಳು ತೋರಿಸಿವೆ. ಊಟ ಅದೇ, ಸರದಿ ಮಾತ್ರ ಬೇರೆ.

ಹೆಜ್ಜೆ 4: ಧಾನ್ಯದ ಸಿಪ್ಪೆಯನ್ನು ವಾಪಸ್ ತನ್ನಿ

1890ರ ದಶಕದಲ್ಲಿ ಜಾವಾ ದ್ವೀಪದಲ್ಲಿ ಕ್ರಿಸ್ಟಿಯಾನ್ ಐಕ್‌ಮನ್ ಎಂಬ ಡಚ್ ವೈದ್ಯರು ಬೆರಿಬೆರಿ ರೋಗದ ಕಾರಣ ಹುಡುಕುತ್ತಿದ್ದರು. ಕಾಲಿನ ಶಕ್ತಿ ಕಳೆಯುವ ಈ ರೋಗ ಯಾವುದೋ ರೋಗಾಣುವಿನಿಂದ ಬರುತ್ತದೆ ಅಂತಲೇ ಅವರೂ ನಂಬಿದ್ದರು. ಪ್ರಯೋಗಕ್ಕೆ ಸಾಕಿದ ಕೋಳಿಗಳಿಗೆ ಅದೇ ಥರದ ತೊಂದರೆ ಬಂತು, ಆಮೇಲೆ ತಾನಾಗಿ ವಾಸಿಯೂ ಆಯಿತು. ವಿಚಾರಿಸಿದಾಗ ಗೊತ್ತಾದದ್ದು ಮೇವಿನ ಕಥೆ. ಪಾಲಿಶ್ ಮಾಡಿದ ಬಿಳಿ ಅಕ್ಕಿ ಹಾಕಿದಾಗ ಕೋಳಿಗಳು ಬಿದ್ದಿದ್ದವು, ತೌಡಿರುವ ಅಕ್ಕಿಗೆ ಬದಲಿಸಿದಾಗ ಎದ್ದಿದ್ದವು. ತೌಡಿನಲ್ಲಿದ್ದದ್ದು ನಾವೀಗ ಥಯಾಮಿನ್, ಅಂದರೆ ವಿಟಮಿನ್ ಬಿ1 ಅನ್ನುವ ವಸ್ತು. ಐಕ್‌ಮನ್‌ಗೆ 1929ರಲ್ಲಿ ನೊಬೆಲ್ ಸಿಕ್ಕಿತು. ಹೊಟ್ಟೆ ತುಂಬ ತಿಂದೂ ಪೋಷಣೆ ಇಲ್ಲದೆ ಇರಬಹುದು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಕಥೆ ನನಗೆ ಗೊತ್ತಿಲ್ಲ.

ಇವತ್ತು ನಮ್ಮಲ್ಲಿ ಬಹಳ ಮಂದಿಗೆ ತೌಡಿನ ಜೊತೆ ಕಳೆದುಹೋಗುತ್ತಿರುವುದು ಮುಖ್ಯವಾಗಿ ನಾರು. ದೊಡ್ಡವರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ನಾರು ಬೇಕು. ನಾರು ಸಕ್ಕರೆ ರಕ್ತಕ್ಕೆ ಸೇರುವ ವೇಗ ತಗ್ಗಿಸುತ್ತದೆ, ಮಲಬದ್ಧತೆ ತಪ್ಪಿಸುತ್ತದೆ, ಕರುಳಿನಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾಗಳಿಗೆ ಊಟವಾಗುತ್ತದೆ. ಓಟ್ಸ್ ಮತ್ತು ಕಾಳುಗಳಲ್ಲಿರುವ ನಾರು ಕೊಲೆಸ್ಟ್ರಾಲನ್ನೂ ಸ್ವಲ್ಪ ಇಳಿಸುತ್ತದೆ.

ಬಿಳಿ ಅಕ್ಕಿಯಲ್ಲಿ ಕಾಲು ಭಾಗವನ್ನು ಪಾಲಿಶ್ ಇಲ್ಲದ ಅಕ್ಕಿಗೆ ಬದಲಿಸಿ ಶುರುಮಾಡಿ. ಅದಕ್ಕೆ ಬೇಯುವ ಹೊತ್ತು ಜಾಸ್ತಿ, ಆದ್ದರಿಂದ ಮೊದಲೇ ನೆನೆಸಿಡಿ. ಆತುರಪಟ್ಟು ಒಂದೇ ವಾರದಲ್ಲಿ ಎಲ್ಲ ಬದಲಿಸಿದರೆ ಹೊಟ್ಟೆ ಉಬ್ಬರಿಸುತ್ತದೆ, ಮನೆಯವರೂ ಮುನಿಸಿಕೊಳ್ಳುತ್ತಾರೆ. ನಾರು ಹೆಚ್ಚಿಸಿದಂತೆ ನೀರನ್ನೂ ಹೆಚ್ಚಿಸಿ. ಬ್ರೆಡ್ ಕೊಳ್ಳುವಾಗ ಬಣ್ಣ ನಂಬಬೇಡಿ, ಕ್ಯಾರಮೆಲ್ ಹಾಕಿಯೂ ಕಂದು ಮಾಡುತ್ತಾರೆ. 'ಮಲ್ಟಿಗ್ರೇನ್' ಅಂದರೆ ಹಲವು ಧಾನ್ಯ ಅಂತ ಅಷ್ಟೇ, ಇಡೀ ಧಾನ್ಯ ಅಂತಲ್ಲ. ಪದಾರ್ಥಗಳ ಪಟ್ಟಿಯಲ್ಲಿ ಮೊದಲ ಹೆಸರು ಮೈದಾ ಆಗಿದ್ದರೆ ಕೆಳಗಿಡಿ.

ಹೆಜ್ಜೆ 5: ಪ್ರೋಟೀನ್ ಎಲ್ಲಿದೆ ಅಂತ ಹುಡುಕಿ

ದೊಡ್ಡವರಿಗೆ ಸಾಮಾನ್ಯವಾಗಿ ಹೇಳುವ ಲೆಕ್ಕ ದೇಹದ ತೂಕದ ಪ್ರತಿ ಕೆಜಿಗೆ 0.8 ಗ್ರಾಂ. 60 ಕೆಜಿ ತೂಗುವವರಿಗೆ 48 ಗ್ರಾಂ. ವಯಸ್ಸಾದಂತೆ ಸ್ನಾಯು ಕರಗುವುದರಿಂದ ಹಿರಿಯರಿಗೆ ಕೆಜಿಗೆ 1 ಗ್ರಾಂ ಅಥವಾ ತುಸು ಜಾಸ್ತಿ ಬೇಕು ಅನ್ನುವ ತಜ್ಞರು ಹಲವರಿದ್ದಾರೆ. ಕಡಿಮೆ ತಿನ್ನುವವರೂ ಅವರೇ, ಅದೇ ತೊಂದರೆ.

ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ. ಒಂದು ಲೋಟ ಹಾಲಿನಲ್ಲಿ 6ರಿಂದ 7. ಒಣಗಿದ ಬೇಳೆ ಅಥವಾ ಕಾಳು 30 ಗ್ರಾಂ ತೆಗೆದುಕೊಂಡು ಬೇಯಿಸಿದರೆ ಸುಮಾರು 7. ಇಲ್ಲಿ ಎಡವುವವರು ಬಹಳ: ಬಟ್ಟಲು ತುಂಬ ಬೇಳೆ ಕಂಡರೂ ಅದರಲ್ಲಿ ನೀರೆಷ್ಟು ಅಂತ ನೋಡುವುದಿಲ್ಲ. ನಾಲ್ಕು ಜನರಿಗೆ ಒಂದು ಹಿಡಿ ಬೇಳೆ ಬೇಯಿಸಿ ನಾವು ದಿನಾ ಬೇಳೆ ತಿಂತೀವಿ ಅಂದರೆ ಆಗಲ್ಲ ಅಲ್ವಾ?

ಸಸ್ಯಾಹಾರಿಗಳು ಧಾನ್ಯ ಮತ್ತು ಬೇಳೆಕಾಳು ಎರಡನ್ನೂ ತಿಂದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಒಂದೇ ಊಟದಲ್ಲಿ ಎರಡೂ ಇರಲೇಬೇಕು ಅಂತಿಲ್ಲ, ದಿನದ ಲೆಕ್ಕದಲ್ಲಿ ಸೇರಿದರೆ ಸಾಕು. ಹಾಲು, ಮೊಟ್ಟೆ ಕೂಡ ಬಿಟ್ಟವರಿಗೆ ವಿಟಮಿನ್ ಬಿ12 ಮಾತ್ರೆಯಿಂದಲೋ, ಬಿ12 ಬೆರೆಸಿದ ಆಹಾರದಿಂದಲೋ ಬರಬೇಕು. ಗಿಡಗಳಿಂದ ಅದು ಸಿಗುವುದಿಲ್ಲ, ಇದರಲ್ಲಿ ವಾದಕ್ಕೆ ಜಾಗವಿಲ್ಲ.

ಕೆಂಪು ರಾಜ್ಮಾ ಬಳಸುವವರಿಗೆ ಒಂದು ಎಚ್ಚರಿಕೆ. ಅರೆಬೆಂದ ರಾಜ್ಮಾದಲ್ಲಿ ಲೆಕ್ಟಿನ್ ಎಂಬ ವಿಷದಂಥ ವಸ್ತು ಉಳಿದು ಜೋರು ವಾಂತಿ ಬರಿಸುತ್ತದೆ. ನೆನೆಸಿದ ನೀರು ಚೆಲ್ಲಿ, ಹೊಸ ನೀರಿನಲ್ಲಿ ಚೆನ್ನಾಗಿ ಕುದಿಸಿ. ಸಣ್ಣ ಬಿಸಿಯಲ್ಲಿ ಗಂಟೆಗಟ್ಟಲೆ ಇಡುವ ಪಾತ್ರೆಯಲ್ಲಿ ಹಸಿ ರಾಜ್ಮಾ ಹಾಕಲೇಬೇಡಿ.

ನನ್ನ ನಾಲ್ಕು ಗಂಟೆಯ ಬಿಸ್ಕತ್ತಿಗೆ ಮದ್ದು ಸಿಕ್ಕಿದ್ದು ಇಲ್ಲೇ. ಡಬ್ಬಕ್ಕೆ ಬೀಗ ಹಾಕಲಿಲ್ಲ, ಮಧ್ಯಾಹ್ನ ಅನ್ನ ಇಳಿಸಿ ಕಾಳು ಏರಿಸಿದೆ.

ಹೆಜ್ಜೆ 6: ಎಣ್ಣೆ ಬಾಟಲಿಯ ಮೇಲೆ ತಾರೀಖು ಬರೆಯಿರಿ

ಒಂದು ಗ್ರಾಂ ಪಿಷ್ಟ ಅಥವಾ ಪ್ರೋಟೀನಿನಲ್ಲಿ 4 ಕ್ಯಾಲೊರಿ, ಒಂದು ಗ್ರಾಂ ಕೊಬ್ಬಿನಲ್ಲಿ 9. ಒಂದು ದೊಡ್ಡ ಚಮಚ ಎಣ್ಣೆ ಅಂದರೆ ಸುಮಾರು 120 ಕ್ಯಾಲೊರಿ. ಎಣ್ಣೆ ಕೆಟ್ಟದ್ದೇನಲ್ಲ. ವಿಟಮಿನ್ ಎ, ಡಿ, ಇ, ಕೆ ಮೈಗೆ ಹತ್ತಬೇಕಾದರೆ ಕೊಬ್ಬು ಬೇಕೇ ಬೇಕು. ಆದರೆ ನಾವು ಎಣ್ಣೆಯನ್ನು ಅಳೆಯುವುದಿಲ್ಲ, ಸುರಿಯುತ್ತೇವೆ.

ಬಾಟಲಿ ಒಡೆದ ದಿನ ಅದರ ಮೇಲೆ ತಾರೀಖು ಬರೆಯಿರಿ. ಖಾಲಿಯಾದ ದಿನ ಲೆಕ್ಕ ಹಾಕಿ. ನಾಲ್ಕು ಜನರ ಮನೆಯಲ್ಲಿ ತಿಂಗಳಿಗೆ 3 ಲೀಟರ್ ಮುಗಿದರೆ ತಲೆಗೆ ದಿನಕ್ಕೆ 25 ಮಿಲಿ, ಅಂದರೆ ಸುಮಾರು 200 ಕ್ಯಾಲೊರಿ ಅಡುಗೆ ಎಣ್ಣೆಯಿಂದಲೇ. ಹೊರಗಿನ ತಿಂಡಿ ಇದರಲ್ಲಿ ಬಂದಿಲ್ಲ. ಸಂಖ್ಯೆ ಜಾಸ್ತಿ ಅನ್ನಿಸಿದರೆ ಬಾಟಲಿಯಿಂದ ನೇರ ಸುರಿಯುವುದನ್ನು ಬಿಟ್ಟು ಚಮಚ ಬಳಸಿ. ಬಹಳ ಮನೆಗಳಲ್ಲಿ ಇಷ್ಟಕ್ಕೇ ಒಂದು ಬಾಟಲಿ ನಾಲ್ಕೈದು ದಿನ ಜಾಸ್ತಿ ಬರುತ್ತದೆ.

ಬೆಣ್ಣೆ, ಪಾಮ್ ಎಣ್ಣೆ, ತೆಂಗಿನೆಣ್ಣೆಯಲ್ಲಿ ಸ್ಯಾಚುರೇಟೆಡ್ ಕೊಬ್ಬು ಜಾಸ್ತಿ, ಅದು ಕೆಟ್ಟ ಕೊಲೆಸ್ಟ್ರಾಲನ್ನು ಏರಿಸುತ್ತದೆ. ಸೂರ್ಯಕಾಂತಿ, ಕಡಲೆಕಾಯಿ, ಸಾಸಿವೆ, ಆಲಿವ್ ಎಣ್ಣೆಗಳಲ್ಲಿ ಅದು ಕಡಿಮೆ. ಪೊಟ್ಟಣದ ಮೇಲೆ 'ಪಾರ್ಷಿಯಲಿ ಹೈಡ್ರೋಜನೇಟೆಡ್' ಅಂತ ಕಂಡರೆ ಅದು ಟ್ರಾನ್ಸ್ ಕೊಬ್ಬಿನ, ಅಂದರೆ ಎಣ್ಣೆಯನ್ನು ಗಟ್ಟಿ ಮಾಡುವಾಗ ಹುಟ್ಟುವ, ಹೃದಯಕ್ಕೆ ಕೆಡುಕಾದ ಕೊಬ್ಬಿನ ಇನ್ನೊಂದು ಹೆಸರು. ಇದನ್ನು ಮಾತ್ರ ಪೂರ್ತಿ ಬಿಡಿ. ಇನ್ನು ಅಡುಗೆ ಎಣ್ಣೆಯ ಮೇಲೆ 'ಕೊಲೆಸ್ಟ್ರಾಲ್ ಇಲ್ಲ' ಎಂಬ ದೊಡ್ಡಕ್ಷರ. ಗಿಡದಿಂದ ಬಂದ ಯಾವ ಎಣ್ಣೆಯಲ್ಲೂ ಹೇಳಿಕೊಳ್ಳುವಷ್ಟು ಕೊಲೆಸ್ಟ್ರಾಲ್ ಇರುವುದಿಲ್ಲ. ನೀರಿನ ಬಾಟಲಿಯ ಮೇಲೆ 'ಮೂಳೆ ಇಲ್ಲ' ಅಂತ ಬರೆದ ಹಾಗೆ ಅದು.

ಹೆಜ್ಜೆ 7: ಉಪ್ಪು

ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚದ ಒಳಗೆ. ಜಗತ್ತಿನ ಸರಾಸರಿ ಇದರ ಎರಡರಷ್ಟಿದೆ. ಉಪ್ಪು ಜಾಸ್ತಿಯಾದರೆ ದೇಹ ನೀರು ಹಿಡಿದಿಡುತ್ತದೆ, ರಕ್ತನಾಳದ ಮೇಲೆ ಒತ್ತಡ ಏರುತ್ತದೆ, ಹೃದಯ ಮತ್ತು ಕಿಡ್ನಿ ಅದನ್ನು ವರ್ಷಾನುಗಟ್ಟಲೆ ಹೊರುತ್ತವೆ. ರಕ್ತದೊತ್ತಡಕ್ಕೆ ಸಾಮಾನ್ಯವಾಗಿ ಯಾವ ಲಕ್ಷಣವೂ ಇಲ್ಲ, ಅಳೆದರೆ ಮಾತ್ರ ಗೊತ್ತಾಗುವುದು.

ಊಟದ ಮೇಜಿನಿಂದ ಉಪ್ಪಿನ ಡಬ್ಬಿ ತೆಗೆದು ಅಡುಗೆಮನೆಯಲ್ಲಿಡಿ. ಅಡುಗೆಯಲ್ಲಿ ಸ್ವಲ್ಪ ಸ್ವಲ್ಪವೇ ಇಳಿಸಿ, ಜೊತೆಗೆ ನಿಂಬೆರಸ, ಮೆಣಸು, ಬೆಳ್ಳುಳ್ಳಿ ಏರಿಸಿ. ಹುಳಿ ಇದ್ದ ಕಡೆ ಉಪ್ಪಿನ ಕೊರತೆ ನಾಲಿಗೆಗೆ ಬೇಗ ಸಿಕ್ಕುವುದಿಲ್ಲ. ಉಪ್ಪು ಇಳಿಸಿದರೂ ಬಳಸುವುದು ಅಯೋಡಿನ್ ಇರುವ ಉಪ್ಪೇ ಆಗಿರಲಿ. ಸೋಡಿಯಂ ಕಡಿಮೆ ಇರುವ ಉಪ್ಪಿನಲ್ಲಿ ಪೊಟ್ಯಾಸಿಯಂ ಬೆರೆಸಿರುತ್ತಾರೆ. ರಕ್ತದೊತ್ತಡಕ್ಕೆ ಅದು ಒಳ್ಳೆಯದೇ, ಆದರೆ ಕಿಡ್ನಿ ತೊಂದರೆ ಇರುವವರಿಗೆ, ಕೆಲವು ಬಿಪಿ ಮಾತ್ರೆ ನುಂಗುವವರಿಗೆ ಅಪಾಯ.

ಪೊಟ್ಟಣದ ಮೇಲೆ ಉಪ್ಪಿನ ಬದಲು ಸೋಡಿಯಂ ಬರೆದಿದ್ದರೆ ಎರಡೂವರೆಯಿಂದ ಗುಣಿಸಿ. 800 ಮಿಗ್ರಾಂ ಸೋಡಿಯಂ ಅಂದರೆ 2 ಗ್ರಾಂ ಉಪ್ಪು. ಒಂದು ಪೊಟ್ಟಣ ನೂಡಲ್ಸ್, ಸೂಪಿನಲ್ಲಿ ಇಷ್ಟು ಸಿಗುವುದು ಏನೂ ಅಪರೂಪವಲ್ಲ. ಬ್ರೆಡ್, ಸಾಸ್, ಚೀಸ್‌ನಲ್ಲಿ ಉಪ್ಪುಪ್ಪು ಅನ್ನಿಸದಿದ್ದರೂ ಉಪ್ಪಿರುತ್ತದೆ.

ಹೆಜ್ಜೆ 8: ಪೊಟ್ಟಣವನ್ನು ಹಿಂದಿನಿಂದ ಓದಿ

ಮುಂಭಾಗ ಜಾಹೀರಾತು. ಹಿಂಭಾಗ ಕಾನೂನಿಗಾಗಿ ಬರೆದದ್ದು. ಪದಾರ್ಥಗಳನ್ನು ತೂಕದ ಪ್ರಕಾರ ದೊಡ್ಡದರಿಂದ ಚಿಕ್ಕದಕ್ಕೆ ಬರೆದಿರುತ್ತಾರೆ, ಆದ್ದರಿಂದ ಮೊದಲ ಮೂರು ಹೆಸರು ನೋಡಿ. ಒಂದು ಚಾಲಾಕಿತನ ಗಮನದಲ್ಲಿರಲಿ: ಸಕ್ಕರೆಯನ್ನೇ ಗ್ಲೂಕೋಸ್ ಸಿರಪ್, ಡೆಕ್ಸ್‌ಟ್ರೋಸ್, ಇನ್ವರ್ಟ್ ಸಿರಪ್, ಫ್ರುಕ್ಟೋಸ್ ಅಂತ ಒಡೆದು ಹಾಕಿದರೆ ಒಂದೊಂದೂ ಪಟ್ಟಿಯ ಕೆಳಗೆ ಹೋಗುತ್ತದೆ. ಕೂಡಿಸಿದರೆ ಮೊದಲ ಸ್ಥಾನ ಅದರದ್ದೇ ಇರಬಹುದು.

'ಒಂದು ಸರ್ವಿಂಗ್' ಅನ್ನುವ ಸಾಲನ್ನು ನಾನು ಓದುವುದೇ ಇಲ್ಲ. ಮೂರು ಬಿಸ್ಕತ್ತಿಗೆ ಒಂದು ಸರ್ವಿಂಗ್ ಅಂತ ತೀರ್ಮಾನಿಸಿದವರು ನನ್ನನ್ನು ನೋಡಿಲ್ಲ. 100 ಗ್ರಾಂ ಸಾಲು ನೋಡಿ. ಬ್ರಿಟನ್ನಿನಲ್ಲಿ ಬಳಸುವ ಒಂದು ಅಳತೆ ಎಲ್ಲಿ ಬೇಕಾದರೂ ಉಪಯೋಗಕ್ಕೆ ಬರುತ್ತದೆ: 100 ಗ್ರಾಂಗೆ ಸಕ್ಕರೆ 22.5 ಗ್ರಾಂ ದಾಟಿದರೆ ಜಾಸ್ತಿ, 5ರ ಒಳಗಿದ್ದರೆ ಕಡಿಮೆ. ಉಪ್ಪು 1.5 ಗ್ರಾಂ ದಾಟಿದರೆ ಜಾಸ್ತಿ, 0.3ರ ಒಳಗಿದ್ದರೆ ಕಡಿಮೆ.

ಸಂಖ್ಯೆಗಳಾಚೆಗೂ ಒಂದು ಸಂಗತಿ ಇದೆ. 2019ರಲ್ಲಿ ಪ್ರಕಟವಾದ ಒಂದು ಪ್ರಯೋಗಕ್ಕಾಗಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ಅವರ ತಂಡ 20 ಜನರನ್ನು ಸಂಸ್ಥೆಯಲ್ಲೇ ಇರಿಸಿಕೊಂಡು ಊಟ ಹಾಕಿತು. ಎರಡು ವಾರ ಕಾರ್ಖಾನೆಯಲ್ಲಿ ಅತಿಯಾಗಿ ಸಂಸ್ಕರಿಸಿದ ತಿನಿಸು, ಎರಡು ವಾರ ಸಾದಾ ಅಡುಗೆ. ಮುಂದಿಟ್ಟ ಊಟದಲ್ಲಿ ಕ್ಯಾಲೊರಿ, ಸಕ್ಕರೆ, ಕೊಬ್ಬು, ಉಪ್ಪು, ನಾರು ಎರಡರಲ್ಲೂ ಸಮ. ಬೇಕಾದಷ್ಟು ತಿನ್ನಿ ಅಂದರು. ಸಂಸ್ಕರಿಸಿದ್ದನ್ನು ಕೊಟ್ಟಾಗ ದಿನಕ್ಕೆ ಸುಮಾರು 500 ಕ್ಯಾಲೊರಿ ಜಾಸ್ತಿ ಒಳಗೆ ಹೋಯಿತು, ಎರಡೇ ವಾರದಲ್ಲಿ ಸರಾಸರಿ 0.9 ಕೆಜಿ ತೂಕ ಏರಿತು. ಅವರು ಅದನ್ನು ತಿಂದ ವೇಗವೂ ಜಾಸ್ತಿ ಇತ್ತು. ಪೊಟ್ಟಣ ಕಂಡರೆ ಹೆದರಬೇಕು ಅಂತಲ್ಲ. ಫ್ರೀಜರಿನ ಬಟಾಣಿ, ಪ್ಯಾಕೆಟ್ ಹಾಲು, ಸಾದಾ ಓಟ್ಸ್ ಕೂಡ ಪೊಟ್ಟಣದಲ್ಲೇ ಬರುತ್ತವೆ. ನಿಮ್ಮ ಅಡುಗೆಮನೆಯಲ್ಲಿ ಯಾವತ್ತೂ ಇರದ ಹೆಸರುಗಳು ಪಟ್ಟಿಯಲ್ಲಿ ಸಾಲಾಗಿ ಬಂದರೆ ಅದು ಬೇರೆ ಜಾತಿ.

ಹೆಜ್ಜೆ 9: ತಂದದ್ದನ್ನು ಹಾಳು ಮಾಡಬೇಡಿ

ಸೊಪ್ಪು, ಕಾಳಿನ ಕಬ್ಬಿಣ ಸುಲಭವಾಗಿ ಮೈಗೆ ಹತ್ತುವುದಿಲ್ಲ. ಜೊತೆಗೆ ನಿಂಬೆರಸವೋ ಕಿತ್ತಳೆಯೋ ಇದ್ದರೆ ಚೆನ್ನಾಗಿ ಹತ್ತುತ್ತದೆ. ಊಟದ ಜೊತೆಗೇ ಟೀ, ಕಾಫಿ ಕುಡಿದರೆ ಅದಕ್ಕೇ ಕಲ್ಲು ಬೀಳುತ್ತದೆ. ರಕ್ತಹೀನತೆ ಇರುವವರು ಒಂದು ಗಂಟೆ ಬಿಟ್ಟು ಕುಡಿಯಿರಿ. ತರಕಾರಿಯನ್ನು ಹೆಚ್ಚಿ ತೊಳೆಯಬೇಡಿ, ತೊಳೆದು ಹೆಚ್ಚಿ. ಕಡಿಮೆ ನೀರಲ್ಲಿ, ಮುಚ್ಚಳ ಮುಚ್ಚಿ ಬೇಯಿಸಿ. ವಿಟಮಿನ್ ಸಿ ನೀರಿನ ಜೊತೆ ಹರಿದುಹೋಗುತ್ತದೆ. ಉಳಿದ ಅನ್ನವನ್ನು ರಾತ್ರಿಯಿಡೀ ಹೊರಗಿಡಬೇಡಿ, ಅದರಲ್ಲಿ ಬೆಳೆಯುವ ಒಂದು ಬ್ಯಾಕ್ಟೀರಿಯಾದ ವಿಷ ಬಿಸಿ ಮಾಡಿದರೂ ಹೋಗುವುದಿಲ್ಲ. ಬೇಗ ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ. ಒಂದು ವರ್ಷದೊಳಗಿನ ಮಗುವಿಗೆ ಜೇನುತುಪ್ಪ ಬೇಡವೇ ಬೇಡ.

ಹೆಜ್ಜೆ 10: ಮನೆಯನ್ನು ಸ್ವಲ್ಪ ಸರಿಸಿ

ಮನೋಬಲದ ಮೇಲೆ ಭಾರ ಹಾಕಬೇಡಿ. ಅದು ಸಂಜೆ ಹೊತ್ತಿಗೆ ಸುಸ್ತಾಗಿರುತ್ತದೆ. ತೊಳೆದ ಹಣ್ಣು ಕಣ್ಣೆದುರು, ಚಿಪ್ಸ್ ಮೇಲಿನ ಕಪಾಟಿನಲ್ಲಿ. ಪೊಟ್ಟಣದಿಂದ ನೇರ ತಿನ್ನದೆ ಬಟ್ಟಲಿಗೆ ಹಾಕಿಕೊಳ್ಳಿ. ಹಸಿದುಕೊಂಡು ದಿನಸಿ ತರಲು ಹೋಗಬೇಡಿ. ಹೊಟ್ಟೆ ತುಂಬಿದ ಸುದ್ದಿ ಮೆದುಳಿಗೆ ಮುಟ್ಟಲು ಸುಮಾರು 20 ನಿಮಿಷ ಬೇಕಾಗುತ್ತದೆ, ಎರಡನೇ ಸಲ ಬಡಿಸಿಕೊಳ್ಳುವ ಮುಂಚೆ ಸುಮ್ನೆ ಸ್ವಲ್ಪ ಹೊತ್ತು ಕೂತು ಮಾತಾಡಿ.

ಹೆಜ್ಜೆ 11: ಮೂರು ತಿಂಗಳಾದ ಮೇಲೆ ಅಳೆಯಿರಿ

ತೂಕವನ್ನು ವಾರಕ್ಕೊಮ್ಮೆ, ಬೆಳಗ್ಗೆ ಒಂದೇ ಹೊತ್ತಿಗೆ ನೋಡಿ. ದಿನಾ ನೋಡಿದರೆ ಬರೀ ನೀರಿನ ಏರಿಳಿತ ಕಂಡು ತಲೆ ಕೆಡುತ್ತದೆ. ತೂಕ ಇಳಿಯದಿದ್ದರೂ ಒಳಗೆ ಕೆಲಸ ನಡೆದಿರಬಹುದು, ಆದ್ದರಿಂದ ರಕ್ತದೊತ್ತಡ ಅಳೆಸಿ. ಎಚ್‌ಬಿಎ1ಸಿ ಪರೀಕ್ಷೆ ಹಿಂದಿನ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುತ್ತದೆ. ಅದು ಅಳೆಯುವುದು ಕೆಂಪು ರಕ್ತಕಣದೊಳಗೆ ಅಂಟಿಕೊಂಡ ಸಕ್ಕರೆಯನ್ನು. ಆ ಕಣದ ಆಯಸ್ಸು ಸುಮಾರು 120 ದಿನ, ಅದಕ್ಕೇ ಹದಿನೈದು ದಿನಕ್ಕೊಮ್ಮೆ ಮಾಡಿಸಿದರೆ ದುಡ್ಡು ದಂಡ. ಪರೀಕ್ಷೆಯ ಹಿಂದಿನ ವಾರ ಮಾತ್ರ ಒಳ್ಳೆಯ ಊಟ ಮಾಡಿ ಅದನ್ನು ಏಮಾರಿಸಲೂ ಆಗದು.

ಆಮೇಲೆ ಮತ್ತೆ ಏಳು ದಿನ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಹಳೆಯ ಪುಟ, ಹೊಸ ಪುಟ ಅಕ್ಕಪಕ್ಕ ಇಟ್ಟು ಗೆರೆ ಎಳೆಯಿರಿ. ನನ್ನ ಎರಡನೇ ಪಟ್ಟಿಯಲ್ಲಿ ಬಿಸ್ಕತ್ತು ಎರಡು ದಿನಕ್ಕೆ ಇಳಿದಿತ್ತು. ಆದರೆ ಮೊದಲ ಪಟ್ಟಿಯಲ್ಲಿ ಇರದೇ ಇದ್ದ ಉಪ್ಪು ಹಾಕಿ ಹುರಿದ ಕಡಲೆಕಾಯಿ, ರಾತ್ರಿ ಹತ್ತರ ಹೊತ್ತಿಗೆ, ಐದು ದಿನ ಬಂದು ಕೂತಿತ್ತು. ಈಗ ಅದರ ಸರದಿ.